ಎರವಲು ಹೋಗಿದ್ದ ಮೊಮ್ಮಗ

ನನ್ನ ಮೊಮ್ಮಗ ರೂಪೇಶ ನಿನ್ನೆ ಮನೆಗೆ ಬಂದ! ಹಿಂದಿನದು ಮುಂದಿನದು ಎಲ್ಲ ಆಮೇಲೆ ಹೇಳುತ್ತೇನೆ, ಮೊದಲು ಇದೊಂದನ್ನು ಕೇಳಿಸಿಕೊಂಡುಬಿಡಿ. ಪರದೇಶದ ಫುಟ್‌ಬಾಲ್ ಕ್ಲಬ್ಬಿನವರು ‘ಇವನು ನಮಗೆ ಆಗುವುದಿಲ್ಲ’ ಎಂದು ಅರ್ಧ ಹಂಗಾಮಿನಲ್ಲೇ ಅವನನ್ನು ತಿರುಗಿ ಕಳಿಸಿದ್ದಾರೆ. ಅವರ ಹೊಟ್ಟೆ ತಣ್ಣಗಿರಲಿ. ನಮ್ಮ ಹುಡುಗನನ್ನು ಆಡಿಸದೆ ಬದಿಯ ಬೆಂಚಿನ ಮೇಲೆ ಕೂರಿಸಿದ ಕೋಚ್ ಒಬ್ಬನಿದ್ದಾನಂತೆ, ಆ ಪುಣ್ಯಾತ್ಮನಿಗೆ ನೂರು ವರ್ಷ ಆಯುಸ್ಸಿರಲಿ. ನಮ್ಮ ಕೇರಿ ಕೋಡಿಬಾಗದಲ್ಲಿ ಎಲ್ಲರೂ ನನ್ನನ್ನು ಕಂಡಾಗ ಮುಖ ಸಣ್ಣ ಮಾಡಿ ‘ಪಾಪ, ಹೀಗಾಗಬಾರದಿತ್ತು’ ಎನ್ನುತ್ತಾರೆ. ನಾನೂ ಅವರ ಮರ್ಯಾದೆಗೆಂದು ಒಂದು ನಿಟ್ಟುಸಿರು ಬಿಡುತ್ತೇನೆ. ಆದರೆ ನಿಟ್ಟುಸಿರಿನ ಸಂದಿಯಲ್ಲೇ ನಗು ಸೋರಿಬಿಡುತ್ತದೆ, ಬುಟ್ಟಿಯ ತಳದಿಂದ ಮೀನಿನ ನೀರು ಸೋರಿದ ಹಾಗೆ.

ನಾನು ಕಲಿತದ್ದು ಅಂಕೋಲೆಯ ಕಡೆ ಮೂರನೇ ಇಯತ್ತೆಯವರೆಗೆ. ಆ ಮೂರನೆಯದರಲ್ಲೂ ಶಾಲೆಗಿಂತ ಸಮುದ್ರದ ದಂಡೆಯಲ್ಲಿ ಇದ್ದದ್ದೇ ಹೆಚ್ಚು. ಮದುವೆಯಾಗಿ ಕಾಳಿ ನದಿಯ ದಂಡೆಗೆ ಬಂದ ಮೇಲೆ, ಬುಟ್ಟಿ ಹೊತ್ತು ಕಾರವಾರದ ಮೀನು ಪೇಟೆಯಲ್ಲಿ ಕೂತು ಗಿರಾಕಿಗಳ ಬಾಯಿಂದ ಕಲಿತದ್ದು ಉಳಿದ ವಿದ್ಯೆ. ಹೀಗಾಗಿ ಫುಟ್‌ಬಾಲಿನ ವ್ಯವಹಾರವನ್ನು ತಪ್ಪಾಗಿ ಹೇಳಿದರೆ ತಿಳಿದವರು ಹೊಟ್ಟೆಗೆ ಹಾಕಿಕೊಳ್ಳಬೇಕು. ರೂಪೇಶ ಗೋವೆಯ ಒಂದು ಕ್ಲಬ್ಬಿನವ. ನದಿ ಇಳಿದಾಗ ಏಳುವ ಮರಳ ದಿಬ್ಬದ ಮೇಲೆ ಬರಿಗಾಲಲ್ಲಿ ಆಡಿ ಬೆಳೆದವನನ್ನು ಅವರು ಕರೆದೊಯ್ದು ಬೂಟು ಹಾಕಿಸಿದರು. ಗೋಲು ಹೊಡೆಯುವವ ಅಲ್ಲ. ಹಿಂದೆ ಬೇಲಿಯ ಹಾಗೆ ನಿಂತು ಎದುರಿನವರನ್ನು ತಡೆಯುವವ. ಆ ಕ್ಲಬ್ಬಿನವರು ಅವನನ್ನು ಒಂದು ಹಂಗಾಮಿಗೆ ಪರದೇಶದ ಕ್ಲಬ್ಬಿಗೆ ಎರವಲು ಕೊಟ್ಟರು. ಮನುಷ್ಯರನ್ನೂ ಎರವಲು ಕೊಡುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. “ಮದ್ವೆ ಮನೆಗೆ ತಾಮ್ರದ ಹಂಡೆ ಕೊಡೂದಿಲ್ವಾ ಅಜ್ಜೀ, ಹಂಗೇಯಾ. ಹಂಡೆ ನಮ್ದೇ, ನೀರ ಕಾಯೂದು ಅವ್ರ ಮನೇಲಿ” ಎಂದು ಅವನೇ ಬಿಡಿಸಿ ಹೇಳಿದ. ನನಗೆ ಭಯ ಹುಟ್ಟಿದ್ದು ಆಗಲೇ. ನನ್ನ ಹಂಡೆ ಯಾವ ಮದುವೆಗೆ ಹೋಗಿ ತಗ್ಗು ಬೀಳದೆ ಬಂದಿದೆ?

ಇನ್ನು ನಮ್ಮ ಮನೆಯ ಕಟ್ಟಳೆ ಒಂದಿದೆ. ದೋಣಿಗೆ ಹೊರಟವನನ್ನು ಎಲ್ಲಿಗೆ ಎಂದು ಕೇಳಬಾರದು, ಯಾವಾಗ ಬರುತ್ತೀ ಎಂದೂ ಕೇಳಬಾರದು. ಕೇಳಿದರೆ ಅವನ ಬದಲು ಸಮುದ್ರವೇ ಉತ್ತರ ಕೊಡುತ್ತದೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ರೂಪೇಶ ಹೊರಟದ್ದು ವಿಮಾನಕ್ಕೆ, ಆದರೆ ವಿಮಾನ ಹಾರುವುದೂ ಸಮುದ್ರದ ಮೇಲೆಯೇ ತಾನೆ? ಆದ್ದರಿಂದ ಯಾರೂ ಕೇಳಲಿಲ್ಲ. ನನ್ನ ಮಗ ವಿಠ್ಠಲ ದೋಣಿಯವ, ಅವನು ಸತ್ತರೂ ಕೇಳುವವನಲ್ಲ. ತನ್ನ ಹೆಂಡತಿಗೆ ಗೊತ್ತಿರಬೇಕು ಎಂದುಕೊಂಡ. ಸೊಸೆ ಸುಮತಿ, ಅತ್ತೆಗೆ ಹೇಳಿರುತ್ತಾನೆ ಎಂದುಕೊಂಡಳು. ಅತ್ತೆಯಾದ ನಾನು, ಅಪ್ಪ ಮಗ ಮಾತಾಡಿಕೊಂಡಿರುತ್ತಾರೆ ಎಂದುಕೊಂಡೆ. ರೂಪೇಶನೂ ಅದೇ ಮನೆಯ ಕೂಸು, ಕೇಳದೆ ಹೇಳಲಿಲ್ಲ. ಕೇರಿಯ ಹುಡುಗರು ಸೇತುವೆಯ ಹತ್ತಿರ ಅವನ ಫೋಟೋ ಹಾಕಿ ದೊಡ್ಡ ಬ್ಯಾನರ್ ಕಟ್ಟಿದರು: ‘ಕೋಡಿಬಾಗದ ಹುಲಿ ಪರದೇಶಕ್ಕೆ’. ಯಾವ ಪರದೇಶ ಎಂದು ಅವರಿಗೂ ಗೊತ್ತಿರಲಿಲ್ಲ. ಬ್ಯಾಂಡು ಬಾರಿಸಿದರು, ಹಾರ ಹಾಕಿದರು, ಹುಲಿ ಅಳುತ್ತ ಬಸ್ಸು ಹತ್ತಿತು.

ಮಾರನೇ ದಿನವೇ ದುರ್ಗಕ್ಕ ಹಿಡಿದಳು. ಅವಳು ನಮ್ಮ ಪಕ್ಕದ ಮನೆಯವಳು, ಪೇಟೆಯಲ್ಲೂ ನನ್ನ ಪಕ್ಕದಲ್ಲೇ ಬುಟ್ಟಿ ಇಡುವವಳು. ನನ್ನ ಮೀನು ನಿನ್ನೆಯದು ಎಂದು ನನ್ನ ಗಿರಾಕಿಗೇ ಕಣ್ಣು ಹೊಡೆದು ತಿಳಿಸುವಷ್ಟು ಸಲಿಗೆ.

“ಮಂಕಾಳೀ, ಮೊಮ್ಮಗ ಯಾವ ದೇಶಕ್ಕೆ ಹೋದ್ನೇ?”

ಗೊತ್ತಿಲ್ಲ ಎಂದರೆ ಮಾನ ಹೋಗುತ್ತದೆ. “ದುಬಾಯಿಗೆ” ಎಂದೆ. ನಮ್ಮ ಕಡೆಯಿಂದ ಹೋದವರೆಲ್ಲ ಹೋಗುವುದು ಅಲ್ಲಿಗೆ; ಬೇರೆ ದೇಶಗಳ ಪರಿಚಯ ನನಗಿರಲಿಲ್ಲ.

“ಹೌದನೇ? ನನ್ನ ಅಳಿಯ ಅಲ್ಲೇ ಇರೂದು. ರಜೆ ಮುಗ್ಸಿ ನಾಡಿದ್ದು ಹೊರಟಾನೆ. ಏನಾರೂ ಕೊಡೂದಿದ್ರೆ ಕೊಡು.”

ಒಣ ಸೀಗಡಿಯ ಚಟ್ನಿ ಮಾಡಿ ಬಾಟ್ಲಿ ತುಂಬಿ ಕೊಟ್ಟೆ. ಪಾಪ, ಆ ಅಳಿಯ ಬಿಸಿಲಲ್ಲಿ ಮೈದಾನದಿಂದ ಮೈದಾನಕ್ಕೆ ಅಲೆದು, ಕಾರವಾರದ ರೂಪೇಶ ಇದ್ದಾನಾ ಎಂದು ಕೇಳಿದನಂತೆ. ಕೊನೆಗೆ ಚಟ್ನಿ ಹಾಳಾಗಬಾರದು ಎಂದು ತಾನೇ ತಿಂದನಂತೆ. “ಚಲೋ ಇತ್ತಂತೆ, ಖಾರ ಸ್ವಲ್ಪ ಕಮ್ಮಿ ಆಗಿತ್ತಂತೆ” ಎಂದು ದುರ್ಗಕ್ಕ ವರದಿ ಒಪ್ಪಿಸಿದಳು.

ನಾನಂತೂ ದಿನಾ ಸಂಜೆ ನದಿ ಸಮುದ್ರ ಸೇರುವ ಕಡೆ ಹೋಗಿ, ಮುಳುಗುವ ಸೂರ್ಯನಿಗೆ ಕೈಮುಗಿದು, ‘ಈಗ ನೀನು ಹೋಗುವ ಕಡೆಯೇ ನಮ್ಮ ಹುಡುಗನೂ ಇದ್ದಾನೆ, ಕಾಲಿಗೆ ಪೆಟ್ಟಾಗದ ಹಾಗೆ ನೋಡಿಕೊಳ್ಳಪ್ಪಾ’ ಎಂದು ಬೇಡಿಕೊಳ್ಳುತ್ತಿದ್ದೆ. ಆಮೇಲೆ ತಿಳಿಯಿತು, ಅವನಿದ್ದದ್ದು ಮಲೇಶಿಯಾದಲ್ಲಿ. ಅದು ಮೂಡಣಕ್ಕಂತೆ! ಅಷ್ಟು ದಿನ ನಾನು ಮೊಮ್ಮಗನಿಗೆ ಬೆನ್ನು ಹಾಕಿ ನಿಂತು ಮೊಮ್ಮಗನಿಗಾಗಿ ಬೇಡಿದ್ದೆ. ಫೋನು ಬಂದಾಗಲಾದರೂ ಗೊತ್ತಾಗಬೇಕಿತ್ತು. ನಾವು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಅವನು “ಉಂಡು ಮಲಗಿದೆ ಅಜ್ಜೀ” ಎನ್ನುತ್ತಿದ್ದ. ‘ನೋಡು, ಪರದೇಶದವರ ಶಿಸ್ತು, ಬೇಗ ಮಲಗಿಸುತ್ತಾರೆ’ ಎಂದು ನಾನು ಸುಮತಿಯೆದುರು ಮೆಚ್ಚಿಕೊಂಡೆ. ಇರಲಿ, ದೇವರು ದೊಡ್ಡವನು. ತಪ್ಪು ದಿಕ್ಕಿಗೆ ಹೇಳಿದ್ದನ್ನೂ ಸರಿಯಾದ ದಿಕ್ಕಿಗೆ ತಲುಪಿಸಿದ.

ಈ ನಡುವೆ ಫೋನುಗಳು ಕಡಿಮೆಯಾದವು. ಮಾತೂ ಗಿಡ್ಡವಾಯಿತು: “ಆರಾಮ ಇದ್ದೆ. ಪ್ರಾಕ್ಟೀಸು ಅದೆ. ಇಡ್ತೆ.” ಒಂದು ದಿನ ದುರ್ಗಕ್ಕ ಮಡಗಾಂವಿನ ನೆಂಟರ ಮನೆಯಿಂದ ಬಂದವಳು, ಕೈಯಲ್ಲಿದ್ದ ಚೀಲವನ್ನೂ ಇಳಿಸದೆ ನಮ್ಮ ಅಂಗಳಕ್ಕೆ ಬಂದಳು.

“ಏ ಮಂಕಾಳೀ, ದುಬಾಯಿ ಈಗ ಮಡಗಾಂವಿಗೆ ಬಂತನೇ? ನಿನ್ನ ಮೊಮ್ಮಗ ಅಲ್ಲಿ ಪೇಟೇಲಿ ಬಾಳೆಹಣ್ಣ ತಕಂತೇ ಇದ್ದ. ನನ್ನ ಕಂಡವನೇ ಗೊನೆ ಹಿಂದೆ ಹೊಕ್ಕಂಡ!”

ನಾನು ನಗಬೇಕೆಂದು ಅವಳು ಹೇಳಿದ್ದು. ನನಗೆ ನಗು ಬರಲಿಲ್ಲ. ವಿಠ್ಠಲ ಗೋವೆಯ ಕ್ಲಬ್ಬಿಗೆ ಫೋನು ಮಾಡಿ ಕೇಳಿದ. ಹೌದಂತೆ, ಅಲ್ಲಿಯವರು ಬೇಡವೆಂದು ಕಳಿಸಿ ಕೆಲವು ವಾರಗಳೇ ಆದವಂತೆ, ಕ್ಲಬ್ಬಿನ ಕೋಣೆಯಲ್ಲೇ ಇದ್ದಾನಂತೆ. ಸುಮತಿ ಸೆರಗು ಬಾಯಿಗೆ ಒತ್ತಿ ಒಳಗೆ ಹೋದಳು. ಸಮುದ್ರದಾಚೆ ಇದ್ದಾಗ ಹುಡುಗ ಇಷ್ಟು ದೂರ ಇರಲಿಲ್ಲ. ಈಗ ನಡುವೆ ಇರುವುದು ಸ್ವಲ್ಪ ಹೊತ್ತಿನ ಬಸ್ಸಿನ ದಾರಿ, ಒಂದು ಸೇತುವೆ. ಆದರೆ ಆ ಸೇತುವೆಯ ಬಾಯಲ್ಲೇ ಅವನ ಬ್ಯಾನರ್ ನೇತಾಡುತ್ತಿತ್ತಲ್ಲ! ಬ್ಯಾಂಡು ಬಾರಿಸಿಕೊಂಡು ಅದರ ಕೆಳಗೆ ಹೋದ ಹುಲಿ, ಬೇಡವೆನಿಸಿಕೊಂಡು ಅದರ ಕೆಳಗೇ ಹೇಗೆ ಬಂದೀತು? ಮೊದಲ ವಾರ ನಾಚಿಕೆಗೆ ಬಾರದವ ಎರಡನೇ ವಾರ ತಡವಾಯಿತೆಂಬ ನಾಚಿಕೆಗೆ ಬರುವುದಿಲ್ಲ. ಹಾಗೇ ಬಾರದೆ ಇರುವುದೇ ರೂಢಿಯಾಗಿಬಿಟ್ಟರೆ? ಹಾಗೆ ರೂಢಿಯಾದ ಮಕ್ಕಳಿರುವ ಮನೆಗಳು ನಮ್ಮ ಕೇರಿಯಲ್ಲೇ ಇವೆ.

ಮೊದಲು ಹೇಳಿದ ಕಟ್ಟಳೆಗೆ ಇನ್ನೊಂದು ತುದಿಯೂ ಇದೆ. ಖಾಲಿ ಬಂದ ದೋಣಿಯವನನ್ನು ಮೀನೆಷ್ಟು ಎಂದು ಕೇಳಬಾರದು. ಹಗ್ಗಕ್ಕೆ ಕೈ ಹಾಕಿ ದೋಣಿ ಎಳೆಯಬೇಕು, ಅಷ್ಟೆ. ಹೇಳುವುದಿದ್ದರೆ ಅವನೇ ಹೇಳುತ್ತಾನೆ. ನಾನು ವಿಠ್ಠಲನಿಗೆ ಮೊಬೈಲು ಒತ್ತಿಕೊಡು ಎಂದೆ.

“ತಮಾ, ನದೀಲಿ ಬಳಚು ಸಿಗ್ತಾ ಅದೆ. ದಪ್ಪ ದಪ್ಪ ಚಿಪ್ಪಿಂದು.”

ಫೋನು ಸತ್ತಿತೇನೋ ಎಂದು ಅಲ್ಲಾಡಿಸಿದೆ. ಆಮೇಲೆ ಸಣ್ಣ ದನಿ ಬಂತು.

“ಕಾಯಿ ಹಾಕಿ ಸುಕ್ಕಾ ಮಾಡ್ತ್ಯಾ?”

“ಮತ್ತೆಂತ, ನೋಡ್ತಾ ಕೂರ್ತೆನಾ?”

“ನಾಳೆ ಬತ್ತೆ.”

ಕೂಡಲೇ ಮನೆಯಲ್ಲಿ ಹುಕುಂ ಹೊರಡಿಸಿದೆ: ನಾಳೆ ಯಾರೂ ಬಾಯಿ ಬಿಡಬಾರದು. ಯಾಕೆ ಬಂದೆ, ಏನಾಯಿತು, ಮುಂದೇನು, ಒಂದೂ ಕೂಡದು. ವಿಠ್ಠಲ ಹೋಗಿ ಬ್ಯಾನರ್ ಬಿಚ್ಚಿ ತಂದು ಕಟ್ಟಿಗೆಯ ರಾಶಿಗೆ ಮುಖ ಕೆಳಗಾಗಿ ಹೊದೆಸಿದ. ದುರ್ಗಕ್ಕನಿಗೂ ಮನೆಗೆ ಹೋಗಿ ಕೈಮುಗಿದು ಹೇಳಿದೆ. “ನಾ ಎಂತಕ್ಕೆ ಕೇಳ್ಲಿ? ನಾ ಅಂಥವಳಾ?” ಎಂದಳು. ಅವಳ ಮಟ್ಟಿಗೆ ಇದೆಷ್ಟು ದೊಡ್ಡ ತ್ಯಾಗ ಎಂದು ನನಗೆ ಗೊತ್ತು.

ನಿನ್ನೆ ಮಧ್ಯಾಹ್ನ ರೂಪೇಶ ಸೇತುವೆಯ ಆಚೆ ತುದಿಯಲ್ಲೇ ಬಸ್ಸಿಳಿದು, ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡು, ನಡೆದು ಬಂದ. ಎದುರಿಗೆ ಸಿಕ್ಕಿದವಳು ದುರ್ಗಕ್ಕನೇ. ಕೇಳಬೇಕಾದ ಪ್ರಶ್ನೆಗಳೆಲ್ಲ ತುಂಬಿ ಅವಳ ಮುಖ ಉಬ್ಬಿಹೋಗಿತ್ತು. “ಬಂದ್ಯನಾ ತಮಾ? ಚಪ್ಪಲಿ ಚಲೋ ಅದೆ” ಎಂದಷ್ಟೇ ಹೇಳಿ ಓಡಿದಳು. ನಾನು ಮೆಟ್ಟಿಲಿಳಿದು ಅವನ ಹೆಗಲಿನ ಚೀಲ ಎಳೆದುಕೊಂಡೆ. ಹುಡುಗ ಸೊರಗಿದ್ದ. ಮೈಯಲ್ಲಿ ಪರದೇಶದ ಸೋಪಿನ ವಾಸನೆ. ವಿಠ್ಠಲ ದೋಣಿಯ ಎಂಜಿನ್ನಿನ ವಿಷಯ ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಅಷ್ಟು ಮಾತು ಅವನ ಹೊಟ್ಟೆಯಲ್ಲಿತ್ತೆಂದು ಸುಮತಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಕಡಲ ಗಾಳಿ ಎದ್ದು ಬ್ಯಾನರನ್ನು ಮಗುಚಿಹಾಕಿತು. ಕಟ್ಟಿಗೆಯ ಮೇಲೆ ಹಲ್ಲು ಕಿರಿಯುವ ರೂಪೇಶ, ಅವನ ಹಣೆಯ ಮೇಲೆ ನಮ್ಮ ಹೇಂಟೆ. ಎಂಜಿನ್ನು ನಿಂತಿತು. ಹುಡುಗ ಎದ್ದು ಹೋದ, ಹೇಂಟೆಯನ್ನು ಓಡಿಸಿದ, ಬ್ಯಾನರಿನ ಮೂಲೆಗೆ ಒಂದು ಕಲ್ಲು ಹೇರಿ ಬಂದು ಕೂತ. ನಾನು ಬಳಚು ಒಡೆಯಲು ಒಳಗೆ ಹೋದೆ.

ಸಂಜೆ ದೀಪ ಹಚ್ಚಿ ಬೇಗನೆ ಊಟಕ್ಕೆ ಹಾಕಿದೆವು. ಕುಚಲಕ್ಕಿ ಅನ್ನ, ಬಂಗಡೆ ಸಾರು, ಬಳಚಿನ ಸುಕ್ಕಾ. ಅಪ್ಪ ಮಗ ಕೂತರು, ಸುಮತಿಯನ್ನೂ ಮಗನ ಪಕ್ಕ ಕೂರಿಸಿದೆ. ನಾನು ಬಡಿಸುವವಳು, ನಮ್ಮ ಮನೆಯಲ್ಲಿ ನಾನು ಉಣ್ಣುವುದು ಪಾತ್ರೆ ತಳ ಕಂಡ ಮೇಲೆಯೇ. ಬಳಚಿನ ಚಿಪ್ಪು ತಾಟಿಗೆ ಬೀಳುವ ಸದ್ದೊಂದೇ. ಆಗ ರೂಪೇಶ ತಲೆ ಎತ್ತದೆ ಶುರುಮಾಡಿದ.

“ಒಂದಿನ ಕಡೆ ಗಳಿಗೇಲಿ ಕೋಚು ಹೋಗು ಅಂದ. ಬೆಂಚಿನ ಮೇಲೆ ಕೂರೋವಾಗ ಅಂಗಿ ಮೇಲೊಂದು ಹಳದಿ ಬನೀನು ಹಾಕ್ಸಿರ್ತ್ರು. ನಾ ಖುಷೀಲಿ ಅದ ತೆಗೀದೇ ಓಡ್ದೆ. ಅದ ತೆಗ್ದು ಬಾ ಅಂತ ರೆಫ್ರಿ ಹೊರಗೆ ಹಾಕ್ದ. ಎಳೀತೆ, ಬರೂದಿಲ್ಲ, ತಲೇಲಿ ಸಿಕ್ಕಂತು. ನಾ ಬಲೇಲಿ ಬಿದ್ದ ಮೀನಿನ ಹಂಗೆ ಒದ್ದಾಡ್ತೆ ಇದ್ದೆ. ತಲೆ ಹೊರಗೆ ಬಂದು ನೋಡ್ತೆ, ಆಟವೇ ಮುಗ್ದಿತ್ತು!”

ವಿಠ್ಠಲ ನಕ್ಕ ನೋಡಿ, ಅನ್ನ ನೆತ್ತಿಗೇರಿತು. ಸುಮತಿ ಗಂಡನ ಬೆನ್ನು ಗುದ್ದುತ್ತ, ನಗುತ್ತ, ಅಳುತ್ತ ಇದ್ದಳು. ರೂಪೇಶನೂ ನಕ್ಕ. ಆಗ ಅವನು ಪೂರ್ತಿ ಮನೆಗೆ ಬಂದ ಹಾಗಾಯಿತು. ಗೋವೆಯ ಕ್ಲಬ್ಬಿನವರು ಬರುವ ಆಟಕ್ಕೇ ಅವನನ್ನು ಇಳಿಸುತ್ತಾರಂತೆ, ಅದನ್ನೂ ತಾನಾಗಿಯೇ ಹೇಳಿದ. ನಾನು ಸಂತೋಷಕ್ಕೆ ಇನ್ನೊಂದು ಸೌಟು ಸಾರು ಹಾಕಲು ಬಗ್ಗಿದರೆ, ಹುಡುಗ ನನ್ನ ಕೈ ಹಿಡಿದುಕೊಂಡ.

“ಅಜ್ಜೀ, ನಾ ಅಲ್ಲಿ ಬದಿಗೆ ಕೂತು ಬೇರೆಯವ್ರು ಆಡೂದ ನೋಡ್ದೆ. ನೀ ಹುಟ್ಟಾಲಾಗಾಯ್ತು ಬದಿಗೆ ನಿಂತು ಬೇರೆಯವ್ರು ಉಣ್ಣೂದ ನೋಡ್ತೆ ಇದ್ದೆ. ಸಾಕು. ಒಳಗೆ ಬಾ.”

ಎಳೆದು ಪಕ್ಕದಲ್ಲಿ ಕೂರಿಸಿಯೇ ಬಿಟ್ಟ. ಸುಮತಿ ತಾಟು ಇಟ್ಟು ಬಡಿಸಿದಳು. ನನಗೆ ಕಣ್ಣು ಮಂಜಾಗಿ ಅನ್ನ ಯಾವುದು ಬಂಗಡೆ ಯಾವುದು ಕಾಣಲಿಲ್ಲ. ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪೇ ಹಾಕಿರಲಿಲ್ಲ.

“ಉಪ್ಪಿಲ್ಲಲಾ! ಇಷ್ಟೊತ್ತು ಉಂಡ್ರಿ, ಒಬ್ರಾದ್ರೂ ಹೇಳೂಕೆ ಎಂತಾಗಿತ್ತು?”

“ಇವತ್ತು ಯಾರೂ ಬಾಯಿ ಬಿಡೂಕಾಗ ಅಂತ ನೀನೇ ಹೇಳಿದ್ಯಲಾ ಆಯೀ” ಎಂದ ವಿಠ್ಠಲ.

ಉಪ್ಪಿನ ಮರಿಗೆ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಒಟ್ಟಿಗೆ ಕೂತು ಮತ್ತೆ ಮೊದಲಿನಿಂದ ಉಂಡೆವು. ಈ ಕೋಡಿಬಾಗದಲ್ಲಿ ನನ್ನಂಥ ಸಾರು ಯಾರೂ ಮಾಡುವುದಿಲ್ಲ ಎಂದು ಇಷ್ಟು ವರ್ಷ ಎದೆ ತಟ್ಟಿಕೊಂಡು ಬಂದವಳು ನಾನು. ಎಲ್ಲರ ಊಟ ಮುಗಿದ ಮೇಲೆ ಒಬ್ಬಳೇ ಉಂಡವಳಿಗೆ, ಅವರೆಲ್ಲ ಏನೇನು ಸುಮ್ಮನೆ ನುಂಗಿಕೊಂಡಿದ್ದಾರೋ ಹೇಗೆ ಗೊತ್ತಾಗಬೇಕು?