ಅವ್ವನ ಗ್ರೀಕ್ ಮುಖ

ಪಾಠ ಹೇಳುವವನಿಗೆ ಆ ಪಾಠ ಅರ್ಥವಾಗಿರಲೇಬೇಕು ಎಂಬ ನಿಯಮ ಎಲ್ಲಿಯೂ ಇಲ್ಲ. ಇದ್ದಿದ್ದರೆ ನನ್ನ ನೌಕರಿ ಎಂದೋ ಹೋಗಿರುತ್ತಿತ್ತು. ದಾಂಡೇಲಿಯಿಂದ ದಿನಾ ಬಸ್ಸು ಹಿಡಿದು ಹಳಿಯಾಳದ ಕಾಲೇಜೊಂದಕ್ಕೆ ಹೋಗಿ ಇತಿಹಾಸ ಹೇಳುವ ನಾನು, 'ಪ್ರಾಚೀನ ಗ್ರೀಕ್ ಮತ್ತು ರೋಮನ್ ಕಲೆಯ ಸಾಮ್ಯ ಮತ್ತು ವ್ಯತ್ಯಾಸಗಳನ್ನು ವಿವರಿಸಿ' ಎಂಬ ಹತ್ತು ಅಂಕದ ಪ್ರಶ್ನೆಗೆ ಇಪ್ಪತ್ತು ವರ್ಷಗಳಿಂದ ಒಂದೇ ಟಿಪ್ಪಣಿ ಬರೆಸುತ್ತಿದ್ದೇನೆ. ನಾನು ಕಣ್ಣಾರೆ ಕಂಡ ಗ್ರೀಕ್ ಶಿಲ್ಪವೆಂದರೆ ಗಣೇಶಗುಡಿಯ ಹೋಮ್‌ಸ್ಟೇ ಒಂದರ ಅಂಗಳದಲ್ಲಿ ಕೊಡದಿಂದ ನೀರು ಸುರಿಯುವ ಸಿಮೆಂಟಿನ ಹೆಂಗಸು. ಬೇಸಿಗೆಯಲ್ಲಿ ಅವಳೂ ಸುರಿಯುವುದಿಲ್ಲ.

ಟಿಪ್ಪಣಿಯ ಸಾರ ಇಷ್ಟು: ಇಬ್ಬರೂ ಅಮೃತಶಿಲೆ ಕಡೆದರು, ಇಬ್ಬರೂ ಅದಕ್ಕೆ ಬಣ್ಣ ಬಳಿದರು. ಗ್ರೀಕರು ಮನುಷ್ಯ ಹೇಗಿರಬೇಕೋ ಹಾಗೆ ಕಡೆದರು, ಸುಕ್ಕಿಲ್ಲ, ಮುಪ್ಪಿಲ್ಲ. ರೋಮನ್ನರು ತಮ್ಮ ಮನೆಯ ಹಿರಿಯರನ್ನು ಇದ್ದ ಹಾಗೆಯೇ, ಬೋಳುತಲೆ, ನರಹುಲಿ, ಜೋತುಬಿದ್ದ ಗದ್ದದ ಸಮೇತ ಕಡೆದರು. ಕೆಲವು ಸಲ ಗ್ರೀಕ್ ಮಾದರಿಯ ಕಟ್ಟುಮಸ್ತಾದ ಮೈಮೇಲೆ ರೋಮಿನ ಮುದುಕನ ತಲೆ ಕೂರಿಸಿದ್ದೂ ಉಂಟು. ಗ್ರೀಕರ ಎಷ್ಟೋ ಮೂಲ ಪ್ರತಿಮೆಗಳು ನಾಶವಾಗಿ, ರೋಮನ್ನರು ಮಾಡಿಕೊಂಡ ನಕಲುಗಳಷ್ಟೇ ಉಳಿದಿವೆ. ಇದನ್ನು ಬರೆಸುವಾಗ ಹಿಂದಿನ ಬೆಂಚಿನವರು ಆಕಳಿಸುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಆಕಳಿಸುತ್ತೇನೆ.

ಹೋದ ವರ್ಷ ಅವ್ವ ತೀರಿಕೊಂಡಳು. ವರ್ಷದ ಪೂಜೆಗೆ ಗೋಡೆಗೆ ಹಾಕಲು ದೊಡ್ಡ ಫೋಟೊ ಬೇಕಾಯಿತು. ಇದ್ದದ್ದು ಒಂದೇ, ಮಳೆಗಾಲದ ಥಂಡಿಗೆ ಗಾಜಿಗೆ ಅಂಟಿಕೊಂಡ ಹಳೆಯದು. ಕ್ಯಾಮೆರಾ ಕಂಡರೆ ಅವ್ವ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ಅವಳ ಕೆನ್ನೆಯ ಮೇಲೆ ದೊಡ್ಡದೊಂದು ಸುಟ್ಟ ಗುರುತಿತ್ತು. ಗಾಣದ ಮನೆಯಲ್ಲಿ ಬೆಲ್ಲ ಕುದಿಯುತ್ತಿದ್ದಾಗ ನಾಲ್ಕು ವರ್ಷದ ನಾನು ಕೊಪ್ಪರಿಗೆಯ ಕಡೆ ಓಡಿದೆನಂತೆ. ಅವ್ವ ನನ್ನನ್ನು ಬಾಚಿ ಎಳೆದುಕೊಳ್ಳುವಾಗ ಪಾಕ ಅವಳ ಮುಖಕ್ಕೆ ಸಿಡಿಯಿತಂತೆ. ಈ ಒಂದು ಫೋಟೊದಲ್ಲಿ ಮಾತ್ರ ಸೆರಗು ಜಾರಿ, ಗುರುತು ಪೂರ್ತಿ ಬಿದ್ದಿತ್ತು.

"ಇದನ್ನ ಹಂಗ ಬಿಡೂಣೋ, ತಗದ್ಬಿಡೂಣೋ ಸರ್?" ಎಂದು ಸ್ಟುಡಿಯೋದ ಮಂಜುನಾಥ ಕೇಳಿದ.

"ತಗದ್ಬಿಡಪಾ," ಎಂದೆ. ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ನಿಜ ಹೇಳುತ್ತೇನೆ, ದಿನವೂ ಅದರ ಎದುರಿಗೆ ಕೂತು ಉಣ್ಣುವ ಧೈರ್ಯ ನನಗಿರಲಿಲ್ಲ.

ಕಟ್ಟು ಹಾಕಿದ ಫೋಟೊ ಬಂತು. ಅವ್ವನಿಗೆ ಮೂವತ್ತರ ಪ್ರಾಯ, ಮೈದಾ ಹಿಟ್ಟಿನ ಬಣ್ಣ. ಕತ್ತಿನ ಕೆಳಗೆ ಅವಳದಲ್ಲದ ಮೈ, ಅದರ ಮೇಲೆ ಹಸಿರು ರೇಷ್ಮೆ ಸೀರೆ, ನಾಲ್ಕೆಳೆ ಸರ. ಮಂಜುನಾಥನ ಕಂಪ್ಯೂಟರಿನಲ್ಲಿ ಹೆಂಗಸರಿಗೆ ಇಂಥದೊಂದು, ಗಂಡಸರಿಗೆ ಕೋಟು ತೊಟ್ಟ ಇನ್ನೊಂದು ಮೈ ಸದಾ ಸಿದ್ಧವಿರುತ್ತದೆ. ತಲೆ ಮಾತ್ರ ನಾವು ಒಯ್ಯಬೇಕು. ನಮ್ಮ ಓಣಿಯ ನಾಲ್ಕು ಮನೆಗಳ ಗೋಡೆಯ ಮೇಲೆ ಅದೇ ಸೀರೆ ಇದೆ.

ಪೂಜೆಗೆ ಸನವಳ್ಳಿಯಿಂದ ಅಕ್ಕ ಬಂದಳು. ಫೋಟೊದ ಮುಂದೆ ನಿಂತು, "ಯಾರ ಇಕಿ?" ಎಂದಳು.

"ಅವ್ವ ಅಲ್ಲೇನಬೇ."

"ಜಲ್ಮಾ ಪೂರ್ತಿ ನಿನ್ನ ಸಲುವಾಗಿ ಅದನ್ನ ಮಾರೀ ಮ್ಯಾಲ ಹೊತ್ಕೊಂಡು ತಿರಗಿದ್ಳು. ಅದನ್ನೂ ಅಳಸಿ ಕೈ ತೊಳಕೊಂಡ್ಯಾ?"

ನೈವೇದ್ಯದ ತಾಟನ್ನು ಅಲ್ಲೇ ಇಟ್ಟು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತಳು. ಊಟ ಮಾಡದೆಯೇ ಊರಿಗೆ ಹೊರಟಳು. ನನಗೆ ನಾಚಿಕೆಯಾಯಿತು, ಅವ್ವ ಸತ್ತ ದಿನ ಬಾರದ ಅಳು ಆ ದಿನ ಬಂತು.

ಮರುದಿನ ಬೆಳಿಗ್ಗೆಯೇ ಸ್ಟುಡಿಯೋಕ್ಕೆ ಓಡಿ, ಮೊದಲಿನಂತೆ ಮಾಡಿಕೊಡು ಎಂದು ಅಂಗಲಾಚಿದೆ.

"ಹಳೇ ಫೋಟೊ ಗಾಜಿನಿಂದ ಬಿಡಸೂಮುಂದ ಹರದ್ಹೋತ್ರಿ ಸರ್. ಕಂಪ್ಯೂಟರಿನ್ಯಾಗೂ ಅದರ ಮ್ಯಾಲೇ ತಿದ್ದೇನ್ರಿ, ಮೊದಲಿಂದು ಉಳದಿಲ್ಲ," ಎಂದ ಮಂಜುನಾಥ. ನನ್ನ ಮುಖ ನೋಡಿ ಅವನಿಗೇ ಕನಿಕರವಾಗಿರಬೇಕು. "ಚಿಂತಿ ಮಾಡಬ್ಯಾಡ್ರಿ, ಗುರುತು ಹೊಸದಾಗಿ ಬರೀತೇನಿ. ದಿನಾ ಎಷ್ಟೋ ಮಾರಿ ತಿದ್ದತೇನಿ, ನನಗ ನೆನಪಿಲ್ಲ. ಯಾವ ಕೆನ್ನಿಗಿತ್ರಿ? ಎಡಕ್ಕೋ, ಬಲಕ್ಕೋ?"

ನನ್ನ ಎಡಗೆನ್ನೆ ಮುಟ್ಟಿಕೊಂಡೆ, ಆಮೇಲೆ ಬಲಗೆನ್ನೆ. ನಲವತ್ತೈದು ವರ್ಷ ಆ ಗುರುತಿನ ಕಡೆ ಕಣ್ಣು ಹಾಯದಂತೆ ಎಚ್ಚರದಿಂದ ಅವ್ವನೊಡನೆ ಮಾತಾಡಿದವನು ನಾನು. ಫೋಟೊ ಕೊಡುವಾಗಲೂ ಅದರ ಚೌಕಟ್ಟನ್ನಷ್ಟೇ ನೋಡಿದ್ದೆ. ಗ್ರೀಕರಿಗೂ ರೋಮನ್ನರಿಗೂ ಇರುವ ಎಂಟು ವ್ಯತ್ಯಾಸಗಳನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ.

ಮಂಜುನಾಥ ಮೌಸ್ ಹಿಡಿದು ಕಾಯುತ್ತಿದ್ದ. "ಅಕ್ಕನ್ನ ಕೇಳಿ ಹೇಳ್ತೇನಪಾ," ಎಂದು ಎದ್ದು ಬಂದೆ.

ಅಕ್ಕನನ್ನು ಇನ್ನೂ ಕೇಳಿಲ್ಲ.