ವಿದ್ಯಾಧೀಶನ ಮನೆಯ ಒಳಕಲ್ಲು

ಎಲ್ಲದಕ್ಕೂ ಕಾರಣ ಹುಣಸೆಕಾಯಿ ತೊಕ್ಕು. ಅದರ ಫೋಟೊ ಫೇಸ್‌ಬುಕ್ಕಿಗೆ ಹಾಕಿ ವಿದ್ಯಾಧೀಶ ಬರೆದಿದ್ದ: “ನಮ್ಮ ಮನೆಯಲ್ಲಿ ಇವತ್ತಿಗೂ ಮಿಕ್ಸಿ ಇಲ್ಲ. ಅವ್ವನ ಒಳಕಲ್ಲಿನಲ್ಲಿ ನಾನೇ ಅರೆಯುತ್ತೇನೆ.” ರಾಯಚೂರಿನ ಕಚೇರಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದರೂ ಸಿಗದ ಮರ್ಯಾದೆ ಆ ಎರಡು ಸಾಲಿಗೆ ಸಿಕ್ಕಿತು. ಅಂದಿನಿಂದ ದಿನಕ್ಕೊಂದು ನೆನಪು ಅರೆದು ಹಾಕತೊಡಗಿದ.

ನೆನಪುಗಳೇನೂ ಸುಳ್ಳಲ್ಲ. ಮಾನ್ವಿಯ ಮನೆಯಲ್ಲಿ ಅವ್ವ ಒಂದು ಕಾಲು ಚಾಚಿ ಅರೆಯಲು ಕೂರುತ್ತಿದ್ದಳು. ತೊಕ್ಕು ಬಳಿದುಕೊಂಡ ಮೇಲೆ ಅದೇ ಕಲ್ಲಿನಲ್ಲಿ ಬಿಸಿ ಅನ್ನ ಕಲಸಿ ಅವನಿಗೂ ಅಕ್ಕ ವಿಜಯಾಬಾಯಿಗೂ ತುತ್ತು ಕೊಡುತ್ತಿದ್ದಳು. ಬಾದಾಮಿಕಾಯಿ ಜಜ್ಜಲು ಹೋಗಿ ಅವನು ಕಲ್ಲಿನ ಅಂಚು ಹಾರಿಸಿದ್ದೂ ನಿಜ. ಸುಳ್ಳೆಂದರೆ, ಅವ್ವನ ಜೊತೆ ರಾಯಚೂರಿಗೆ ಬಂದಿದ್ದ ಆ ಕಲ್ಲು ಈಗ ಮನೆಯಲ್ಲಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ಟೈಲ್ಸ್ ಹಾಕಿಸುವಾಗ ಅಡ್ಡವಾಯಿತೆಂದು ಪಕ್ಕದ ಮನೆಯ ಅನ್ವರಿ ಬೇಗಂಗೆ ಕೊಟ್ಟಿದ್ದ. ಆಮೇಲೆ ಅಕ್ಕ ಅದೊಂದನ್ನೇ ಕೇಳಿದಾಗ ಒಡೆದುಹೋಯಿತೆಂದ. ಅಕ್ಕ ಫೋನಿನಲ್ಲೇ ಅತ್ತಿದ್ದಳು. ಅವಳದು ಬಟನ್ ಫೋನ್ ಎಂಬುದೇ ಇವನ ಧೈರ್ಯ.

ಭಾನುವಾರ ಬೆಳಿಗ್ಗೆ ದೇವದುರ್ಗದಿಂದ ಅವನ ಅಭಿಮಾನಿ, ನಿವೃತ್ತ ಮೇಷ್ಟ್ರು ರೇವಣಸಿದ್ದ ಬಂದಿಳಿದರು. ಬಸ್ ಸ್ಟ್ಯಾಂಡಿನಿಂದಲೇ ಫೋನು: “ಒಳಕಲ್ಲಿನ ದರ್ಶನಕ್ಕ ಬಂದೀನ್ರಿ.”

ವಿದ್ಯಾಧೀಶ ಅನ್ವರಿ ಬೇಗಂ ಮನೆಗೆ ಓಡಿದ.

“ನಿಮ್ಮ ಫೇಸ್‌ಬುಕ್ ನಾನೂ ನೋಡ್ತೀನ್ರಿ ಅಣ್ಣಾರ,” ಅಂದಳು ಆಕೆ. “ಒಯ್ಯಿರಿ. ಸಂಜಿಗೆ ವಾಪಸ್ ಬರಬೇಕು. ನಮ್ಮ ಮನ್ಯಾಗ ಖರೇನ ಮಿಕ್ಸಿ ಇಲ್ಲ.”

ಉರುಳಿಸಿಕೊಂಡು ತರುವಾಗ ಒಂದು ಟೈಲ್ಸ್ ಒಡೆಯಿತು. ಹೆಂಡತಿ ವೃಂದಾ ಮಿಕ್ಸಿಯನ್ನು ಮಂಚದ ಕೆಳಗೆ ತಳ್ಳಿದಳು.

ಮೇಷ್ಟ್ರು ಕೂರುವ ಮೊದಲೇ ಫೋನಿನಲ್ಲಿ ಲೈವ್ ಶುರುಮಾಡಿದರು. ವಿದ್ಯಾಧೀಶ ಹುಣಸೆಕಾಯಿ ಅರೆಯತೊಡಗಿದ. ಹುಳಿ ಕಣ್ಣಿಗೆ ಸಿಡಿಯಿತು, ಅಂಗೈಯಲ್ಲಿ ಗುಳ್ಳೆ ಎದ್ದಿತು. ತಲೆಮಾರುಗಳಿಂದ ಬೆಳ್ಳುಳ್ಳಿ ಕಾಣದ ವೈಷ್ಣವರ ಮನೆಯಲ್ಲಿ ಘಮ್ಮೆಂದು ಬೆಳ್ಳುಳ್ಳಿ ವಾಸನೆ ಹರಡಿತು. ಮೇಷ್ಟ್ರು ಮೂಗು ಅರಳಿಸಿದಾಗ, ಪಕ್ಕದ ಮನೆಯಿಂದ ಬಂದದ್ದೆಂದ. ಅದು ಪೂರ್ತಿ ಸುಳ್ಳಾಗಿರಲಿಲ್ಲ.

ಬೆರಳಿಗೆ ಹತ್ತಿದ್ದನ್ನು ನಾಲಿಗೆಗಿಟ್ಟ. ಬೆಳ್ಳುಳ್ಳಿಯ ಹಿಂದಿನಿಂದ ಅವ್ವ ಬಂದಳು, ಬಿಸಿ ಅನ್ನದ ತುತ್ತು ಹಿಡಿದುಕೊಂಡು. ಎಷ್ಟು ಬರೆದಿದ್ದರೂ ಅವಳು ಹೀಗೆ ಒಮ್ಮೆಯೂ ಬಂದಿರಲಿಲ್ಲ. ಅವನು ನಿಜವಾಗಿ ಅತ್ತ. ಮೇಷ್ಟ್ರು ಫೋನನ್ನು ಕಣ್ಣೀರಿಗೂ ಕಲ್ಲಿನ ಅಂಚಿಗೂ ಹತ್ತಿರ ಹಿಡಿದರು.

“ಯಾರೋ ಪೂರ್ಣಶ್ರೀ ಅಂತ ಬರದಾರ್ರಿ,” ಎಂದು ಅಕ್ಕನ ಮಗಳ ಕಾಮೆಂಟು ಓದಿದರು. “ಮಾಮಾ, ಅವ್ವ ನನ್ನ ಫೋನಿನ್ಯಾಗ ನೋಡಿದ್ಲು. ಒಡದ ಅಂಚು ಗುರ್ತು ಹಿಡದ್ಲು. ಮುಂದಿನ ಬಸ್ಸಿಗೆ ಬರ್ತೀವಿ.”

ಮಧ್ಯಾಹ್ನ ಅಕ್ಕ ಮಗಳೊಂದಿಗೆ ಬಂದಳು. ಬೈಯಲಿಲ್ಲ. ಕಲ್ಲಿನ ಮುಂದೆ ಕೂತು, ಚೂರು ಹಾರಿದ ಅಂಚಿನ ಮೇಲೆ ಅಂಗೈ ಇಟ್ಟಳು. ಆಮೇಲೆ ತಮ್ಮನಿಂದಲೇ ಕಲ್ಲನ್ನು ಆಟೋಗೆ ಹೊರಿಸಿದಳು.

ಸಂಜೆ ಅನ್ವರಿ ಬೇಗಂ ಬಂದು ಬಾಗಿಲಲ್ಲಿ ನಿಂತಳು. ವಿದ್ಯಾಧೀಶ ಏನೋ ತೊದಲುವಷ್ಟರಲ್ಲಿ ವೃಂದಾ ಮಂಚದ ಕೆಳಗಿನಿಂದ ಮಿಕ್ಸಿ ಎಳೆದು, ಮೂರೂ ಜಾರುಗಳ ಸಮೇತ ಆಕೆಯ ಕೈಗಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ವಿದ್ಯಾಧೀಶ ಗುಳ್ಳೆಯೆದ್ದ ಕೈಯಿಂದ ಬರೆದ: “ನಮ್ಮ ಮನೆಯಲ್ಲಿ ಮಿಕ್ಸಿ ಇಲ್ಲ.”

ಮೊದಲ ಸಲ ಆ ಮಾತು ನಿಜವಾಗಿತ್ತು. ಅದಕ್ಕೆ ಬಂದದ್ದು ಒಂದೇ ಲೈಕು, ಅನ್ವರಿ ಬೇಗಂದು.