ಲೀಲತ್ತೆಗೆ ನಾನು ಕೊಡಿಸಿದ ಅಧಿಕಾರ

ನಮ್ಮ ಚರ್ಚಿನಲ್ಲಿ ಈ ವರ್ಷ ಸೇವೆಯ ಬಾಗಿಲು ಎಲ್ಲರಿಗೂ ತೆರೆಯಿತು ಎಂದು ಜನ ಹೇಳಿಕೊಂಡು ತಿರುಗುತ್ತಿದ್ದಾರೆ. ಗೋಣಿಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಬೇರೆ ಚರ್ಚಿನ ಸಭೆಯವರೂ "ನಿಮ್ಮಲ್ಲಿ ಭಾರೀ ಬದಲಾವಣೆಯಂತಲ್ಲ!" ಎಂದು ನನ್ನ ಕೈ ಕುಲುಕುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ತೆರೆಯಿತು ಅನ್ನಬೇಕಾದರೆ ಅದು ಮೊದಲು ಮುಚ್ಚಿರಬೇಕು. ನಮ್ಮಲ್ಲಿ ಆ ಜಾಗದಲ್ಲಿ ಬಾಗಿಲೇ ಇರಲಿಲ್ಲ, ಬೇಕಾದವರು ಸುಮ್ಮನೆ ದಾಟಿ ಹೋಗುತ್ತಿದ್ದರು. ಈ ವರ್ಷ ಅಲ್ಲಿಗೊಂದು ಬಾಗಿಲು ಕೂರಿಸಿ, ಚಿಲಕ ಹಾಕಿ, ಅದರ ಮೇಲೆ 'ಸರ್ವರಿಗೂ ಸ್ವಾಗತ' ಎಂದು ಬರೆಸಿದ್ದೇವೆ. ಬರೆಸಿದ್ದೇವೆ ಎಂದು ಬಹುವಚನದಲ್ಲಿ ಹೇಳುವುದಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಮೊದಲೇ ಒಪ್ಪಿಕೊಳ್ಳುತ್ತೇನೆ, ನಾನು ಅಂಥ ಭಕ್ತೆಯಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೇವರಿದ್ದಾನೆ ಎಂದು ವಾದಿಸಿ ಒಂದು ಕಪ್ಪು, ಇಲ್ಲ ಎಂದು ವಾದಿಸಿ ಎರಡು ಕಪ್ಪು ಗೆದ್ದವಳು. ಮೂರನ್ನೂ ಅಮ್ಮ ಶೋಕೇಸಿನಲ್ಲಿ ಒಂದೇ ಸಾಲಿನಲ್ಲಿಟ್ಟು ಒಂದೇ ಬಟ್ಟೆಯಲ್ಲಿ ಒರೆಸುತ್ತಾಳೆ. ಇಂಥವಳು ಚರ್ಚಿನ ಕಮಿಟಿಯಲ್ಲಿ ಯುವಜನರ ಪ್ರತಿನಿಧಿ ಹೇಗಾದೆ ಎಂದರೆ, ಆ ಭಾನುವಾರ ಬೇರೆ ಯಾರೂ ಕೈಯೆತ್ತಲಿಲ್ಲ. ನಾನೂ ಎತ್ತಿದ್ದು ಪ್ರತಿನಿಧಿಯಾಗುವುದಕ್ಕಲ್ಲ, ಚುನಾವಣೆಯ ಕ್ರಮವೇ ಸರಿಯಿಲ್ಲ ಎಂದು ಆಕ್ಷೇಪಿಸುವುದಕ್ಕೆ. ಕೈ ಕಂಡಿತು, ಆಕ್ಷೇಪ ಕೇಳಲಿಲ್ಲ.

ಈ ವರ್ಷದ ಆರಂಭದಲ್ಲಿ 'ಸಹಸೇವೆಯ ವರ್ಷ' ಎಂಬ ಬ್ಯಾನರು ಬಂತು. ಸೇವೆಯ ಭಾರವನ್ನು ಅಯ್ಯನವರೊಬ್ಬರೇ ಹೊರಬಾರದು, ಸಭಿಕರೆಲ್ಲ ಹಂಚಿಕೊಳ್ಳಬೇಕು ಎಂಬುದು ಉದ್ದೇಶ. ನಮ್ಮ ಪಾದ್ರಿಗಳನ್ನು ನಾವು ಅಯ್ಯನವರು ಎನ್ನುವುದು. ಪಾಪ, ಅವರು ಬೈಕಿನಲ್ಲಿ ಕಳಸದ ಕಡೆಯದೂ ಸೇರಿ ಮೂರು ಸಭೆ ನೋಡಿಕೊಳ್ಳುತ್ತಾರೆ. ಹಂಚಿಕೆಯ ಕೆಲಸ ಮಾತ್ರ ಕಮಿಟಿಯ ಕಾರ್ಯದರ್ಶಿ, ನಿವೃತ್ತ ಹೆಡ್‌ಮಾಸ್ಟರಾದ ಸ್ಯಾಮುವೆಲ್ ಮೇಷ್ಟ್ರ ಪಾಲಿಗೆ ಬಂತು. ಅವರು ಶಾಲೆಯಲ್ಲಿ ಕಸ ಗುಡಿಸುವ ಸರದಿ ಹಾಕಿದ ಹಾಗೆಯೇ ಇದನ್ನೂ ಹಾಕಿದರು. ಹೂವಿನ ಸೇವೆ, ಮೈಕಿನ ಸೇವೆ, ಪಾದರಕ್ಷೆ ಸೇವೆ, ಎಸ್ಟೇಟಿನವರ ಜೀಪುಗಳನ್ನು ಸಾಲಾಗಿ ನಿಲ್ಲಿಸುವ ವಾಹನ ಸೇವೆ, ಹೀಗೆ ಒಟ್ಟು ಹನ್ನೊಂದು. ಒಂದೊಂದಕ್ಕೂ ನೇರಳೆ ಬಣ್ಣದ ಅಡ್ಡಪಟ್ಟಿ. ವಾಹನ ಸೇವೆಯವರು ಪಟ್ಟಿ ಧರಿಸಿ ನಿಂತ ಮೊದಲ ಭಾನುವಾರವೇ ಎರಡು ಜೀಪು ಒಂದಕ್ಕೊಂದು ತಾಗಿದವು. ನನಗೆ ಸಿಕ್ಕಿದ್ದು ಪ್ರಕಟಣೆ ಸೇವೆ. ಮೇಷ್ಟ್ರು ಬರೆದುಕೊಟ್ಟದ್ದನ್ನು ಓದಬೇಕು. ಒಂದು ಅಲ್ಪವಿರಾಮ ಬದಲಿಸಿದರೂ ಮುಂದಿನ ಬೆಂಚಿನಿಂದ ಕೆಮ್ಮು ಕೇಳುತ್ತದೆ.

ಈಗ ಲೀಲತ್ತೆಯ ವಿಷಯ. ನನ್ನ ಅಪ್ಪನ ತಂಗಿ, ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಆಯಾ ಆಗಿದ್ದವಳು. ಹನ್ನೊಂದು ಪಟ್ಟಿಗಳಲ್ಲಿ ಒಂದೂ ಅವಳಿಗೆ ಸಿಗಲಿಲ್ಲ. ಆದರೆ ಪ್ರತಿ ತಿಂಗಳ ಮೊದಲ ಭಾನುವಾರ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಮುಗಿದ ಮೇಲೆ, ಅವಳು ಒಂದು ಸ್ಟೀಲ್ ಡಬ್ಬಿ ಹಿಡಿದು ತೋಟದ ದಾರಿಯಲ್ಲಿ ಎರಡು ಮೈಲಿ ನಡೆದು ಆಳುಗಳ ಮನೆಸಾಲಿಗೆ, ಕೂಲಿಲೈನಿಗೆ ಹೋಗುತ್ತಿದ್ದಳು. ಅಲ್ಲಿ ಚಿನ್ನಮ್ಮ ಇದ್ದಾಳೆ. ನಲವತ್ತು ವರ್ಷ ಕಾಫಿ ಕೊಯ್ದವಳು, ಇಳಿಜಾರಿನಲ್ಲಿ ಜಾರಿ ಸೊಂಟ ಮುರಿದುಕೊಂಡು ಮೂರು ವರ್ಷದಿಂದ ಮಲಗಿದಲ್ಲೇ. ಡಬ್ಬಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ರೊಟ್ಟಿ, ಕೆಮ್ಮಿನ ಔಷಧದ ಸಣ್ಣ ಬಾಟಲಿಯಲ್ಲಿ ಒಂದು ಗುಟುಕು ದ್ರಾಕ್ಷಾರಸ. ಬಾಟಲಿಯನ್ನು ಎಷ್ಟು ಸಲ ಕುದಿಸಿದರೂ ಔಷಧದ ವಾಸನೆ ಹೋಗಿರಲಿಲ್ಲ. ಚಿನ್ನಮ್ಮನಿಗೆ ಅದೇ ಇಷ್ಟ. "ಕುಡಿದ್ರೆ ಎದೆ ಹಗುರ ಆಗ್ತದೆ ಲೀಲಮ್ಮ" ಅನ್ನುತ್ತಿದ್ದಳಂತೆ. ಬೇರೆ ದಿನದ ರೊಟ್ಟಿ ಅವಳಿಗೆ ಬೇಡ, ಅವತ್ತಿನದೇ ಆಗಬೇಕು. ಧಣಿಗಳು, ರೈಟರು, ಮೇಸ್ತ್ರಿ ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಮೊಣಕಾಲೂರಿ ಅವಳು ಜನ್ಮದಲ್ಲಿ ತಿಂದ ಊಟ ಅದೊಂದೇ. ನಾನು ನಂಬದವಳು ನಿಜ. ಆದರೂ ಆ ರೊಟ್ಟಿಯ ವಿರುದ್ಧ ನನ್ನ ಹತ್ತಿರ ಯಾವ ವಾದವೂ ಇಲ್ಲ.

ಆ ಚೂರು ಅತ್ತೆಗೆ ಸಿಗುತ್ತಿದ್ದದ್ದು ಹೇಗೆ? ಆರಾಧನೆ ಮುಗಿದ ಮೇಲೆ ಅಯ್ಯನವರು ಒಳಕೋಣೆಯ ಮೇಜಿನ ಮೇಲೆ ಒಂದು ತುಂಡು, ಬಟ್ಟಲಿನಲ್ಲಿ ಒಂದು ಗುಟುಕು ಬಿಟ್ಟು, ಕಿಟಕಿಯ ಕಡೆ ತಿರುಗಿ, ವಾಚು ಬಿಚ್ಚಿ, ಅದಕ್ಕೆ ಬಹಳ ಹೊತ್ತು ಕೀ ಕೊಡುತ್ತಿದ್ದರು. ಅದು ಸೆಲ್ಲಿನ ವಾಚು. ಮೇಷ್ಟ್ರೂ ಆ ಹೊತ್ತಿಗೆ ಸರಿಯಾಗಿ ಕನ್ನಡಕ ಒರೆಸುತ್ತಿದ್ದರು. ಇಡೀ ಸಭೆಗೆ ಗೊತ್ತಿತ್ತು, ಯಾರೂ ನೋಡಿರಲಿಲ್ಲ.

ನಾನು ನೋಡಿದೆ. ನೋಡಿ ಸುಮ್ಮನಿರಬಹುದಿತ್ತು. ಕಮಿಟಿಯ ಸಭೆಯಲ್ಲಿ ಮೇಷ್ಟ್ರು ಹನ್ನೊಂದು ಸೇವೆಗಳ ವರದಿಯನ್ನು ಬೆಲ್ಲದ ಹಾಗೆ ಚಪ್ಪರಿಸುತ್ತಾ ಓದುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಚಪ್ಪಲಿ ಜೋಡಿಸೋರಿಗೆ ಪಟ್ಟಿ ಕೊಟ್ಟಿದೀರಿ ಮೇಷ್ಟ್ರೇ. ನಿಜವಾದ ಸೇವೆ ಮಾಡ್ತಿರೋ ಲೀಲತ್ತೆಗೆ ಯಾಕಿಲ್ಲ? ರೊಟ್ಟಿ ತಗೊಂಡು ಹೋಗೋದನ್ನೇ ಹನ್ನೆರಡನೇ ಸೇವೆ ಅಂತ ನಿರ್ಣಯ ಮಾಡಿ."

"ಯಾವ ರೊಟ್ಟಿ?" ಎಂದರು ಮೇಷ್ಟ್ರು.

ಅಯ್ಯನವರು ನನ್ನನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ. ಬೇಡ ಮಗಳೇ ಎಂಬಂತಿತ್ತು. ಆದರೆ ವೇದಿಕೆ ಹತ್ತಿದ ಮೇಲೆ ನನಗೆ ಕಣ್ಣು ಕಾಣುವುದಿಲ್ಲ. ಎಲ್ಲವನ್ನೂ ಹೇಳಿದೆ. ಎರಡು ಮೈಲಿಯನ್ನೂ ಹೇಳಿದೆ, ಬಾಟಲಿಯನ್ನೂ ಹೇಳಿದೆ.

"ಕೆಮ್ಮಿನ ಔಷಧದ ಬಾಟಲೀಲಾ!" ಎಂದು ಯಾರೋ ಎದೆ ಮುಟ್ಟಿಕೊಂಡರು.

"ಹೋಗಬಾರದು ಅಂತ ನಿಯಮದಲ್ಲಿ ಎಲ್ಲಿದೆ, ತೋರಿಸಿ!" ಎಂದು ನಾನು ಮೇಜು ತಟ್ಟಿದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಎಂದೂ ಕೇಳಬಾರದು ಎಂದು ನಾನೇ ಕಾಲೇಜಿನ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಮೇಷ್ಟ್ರು ಬೀರುವಿನಿಂದ ನಿಯಮಾವಳಿ ತೆಗೆದು, ಬೆರಳು ಒದ್ದೆ ಮಾಡಿಕೊಂಡು ಪುಟ ತಿರುವಿ, ತೋರಿಸಿಯೇಬಿಟ್ಟರು. ಪಾದ್ರಿಯಾಗಿ ದೀಕ್ಷೆ ಪಡೆದವರ ಹೊರತು ಬೇರೆ ಯಾರೂ ಕರ್ತನ ಭೋಜನ ಕೊಡತಕ್ಕದ್ದಲ್ಲ.

ಆಮೇಲೆ ನಾನು ಮುಕ್ಕಾಲು ಗಂಟೆ ಮಾತಾಡಿದೆ. ಸ್ಪರ್ಧೆಯಾಗಿದ್ದರೆ ಕಪ್ಪು ನನ್ನದೇ. ಮೇಷ್ಟ್ರು ಕೂಡ "ಹುಡುಗಿ ಭಾರೀ ಚೆನ್ನಾಗಿ ಮಾತಾಡ್ತಾಳೆ" ಎಂದು ಮೆಚ್ಚಿ, ವಿಷಯವನ್ನು ಮೇಲಿನವರಿಗೆ ಬರೆದು ಕೇಳುವುದು, ಉತ್ತರ ಬರುವ ತನಕ ನಿಲ್ಲಿಸುವುದು ಎಂದು ಬರೆದುಕೊಂಡರು. ಅಲ್ಲಿಯವರೆಗೆ ತಾವೇ ಹೋಗಿ ಕೊಡುವುದಾಗಿ ಅಯ್ಯನವರು ಒಪ್ಪಿದರು. ಮೊದಲ ಭಾನುವಾರ ಅವರು ಇಲ್ಲಿ ಮುಗಿಸಿ ಕಳಸದ ದಾರಿ ಹಿಡಿದರೆ ತಿರುಗಿ ಬರುವುದು ಸಂಜೆಗೆ. ಮೂರು ತಿಂಗಳಾಯಿತು, ಅವರಿಗೆ ಹೋಗಲಾಗಿಲ್ಲ. ಮೇಲಿನವರು ಪತ್ರ ತಲುಪಿದೆ ಎಂದಷ್ಟೇ ತಿಳಿಸಿದ್ದಾರೆ. ಲೀಲತ್ತೆಗೆ ಮಾತ್ರ ಒಂದು ನೇರಳೆ ಪಟ್ಟಿ ಬಂತು, 'ಸಂದರ್ಶನ ಸೇವೆ'. ಅವಳು ಅದನ್ನು ಮಡಿಸಿ ಬಿಸಿ ಪಾತ್ರೆ ಇಳಿಸುವುದಕ್ಕೆ ಇಟ್ಟುಕೊಂಡಿದ್ದಾಳೆ.

"ಕದ್ದಾದ್ರೂ ತಗೊಂಡು ಹೋಗು ಅತ್ತೆ" ಎಂದೆ.

"ಮೊದ್ಲು ನಾನು ಕದ್ದಿದ್ದೇ ಇಲ್ವಲ್ಲ ಮಾರಾಯ್ತಿ. ಈಗ ಕದಿಯೋ ಹಾಗೆ ಮಾಡಿದ್ದು ನೀನು" ಎಂದಳು. ಸಿಟ್ಟಿನಿಂದ ಹೇಳಿದ್ದರೆ ನಾನು ಎದುರು ಹೇಳಬಹುದಿತ್ತು. ಅವಳು ಸೊಪ್ಪು ಸೋಸುತ್ತಾ ಹೇಳಿದಳು.

ಈ ತಿಂಗಳ ಮೊದಲ ಭಾನುವಾರ ಅವಳ ಜೊತೆ ನಾನೂ ಲೈನಿಗೆ ಹೋದೆ. ತೋಟವೆಲ್ಲ ಹೂವಾಗಿ ಬೆಳ್ಳಗಿತ್ತು, ನನಗೆ ಅದರ ಪರಿಮಳದ ಮೇಲೂ ಕೋಪ. ಅತ್ತೆ ಎರಡು ಕಿತ್ತಳೆ, ಒಂದು ಬನ್ನು ಒಯ್ದಿದ್ದಳು. ಚಿನ್ನಮ್ಮ ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು, ಒಗೆದ ಸೀರೆ ಹೊದ್ದು, ಗೋಡೆಗೆ ಒರಗಿ ಕಾದಿದ್ದಳು. ಅತ್ತೆಯ ಚೀಲ ನೋಡಿದಳು. ಕಿತ್ತಳೆ ಹೊರಗೆ ಬಂತು, ಬನ್ನು ಬಂತು, ಮತ್ತೇನೂ ಬರಲಿಲ್ಲ.

"ಅಯ್ಯನವ್ರೇ ಬರ್ತಾರಂತೆ ಚಿನ್ನಮ್ಮ" ಎಂದಳು ಅತ್ತೆ, ಗೋಡೆ ನೋಡುತ್ತಾ.

ಚಿನ್ನಮ್ಮ ಬನ್ನನ್ನು ಕೈಗೆ ತೆಗೆದುಕೊಂಡಳು, ತಿನ್ನಲಿಲ್ಲ. ಅದನ್ನು ಹಿಡಿದೇ ನನ್ನ ಕಡೆ ತಿರುಗಿದಳು. ನಾನು ಚರ್ಚಿನ ಪರವಾಗಿ, ಕಮಿಟಿಯ ವಿರುದ್ಧವಾಗಿ, ನಿಯಮದ ಇತಿಹಾಸದಿಂದ ಶುರುಮಾಡಿ ಏನೇನೋ ಜೋಡಿಸಿಕೊಳ್ಳುತ್ತಿದ್ದೆ.

"ನೀವು ಕಮಿಟೀಲಿ ಇದೀರಂತಲ್ಲ ಅಮ್ಮಾ, ನಿಮಗೆ ಗೊತ್ತಿರ್ತದೆ" ಎಂದಳು. "ನಾನು ಏನು ತಪ್ಪು ಮಾಡ್ದೆ ಅಂತ ನಿಲ್ಸಿದ್ರು?"